ಚರ್ಚ್ ಕಟ್ಟಡದೊಳಗೆ ಭಯಭಕ್ತಿ ಎಂದರೆ ನಿಜಕ್ಕೂ ಏನು?

ಪ್ರಶ್ನೆ: ಹಿಂದಿನಬೆಂಚು

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆ.

ಚರ್ಚ್ ಒಳಗೆ ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ಎರಡು ಕಡೆಯವರೂ ಬೈಬಲನ್ನೇ ತೆರೆಯುತ್ತಾರೆ. ಒಬ್ಬರು ಯಾಜಕಕಾಂಡ 19:30, ಪ್ರಸಂಗಿ 5:1, ಹಬಕ್ಕೂಕ 2:20 ತೋರಿಸಿ, "ಇದು ದೇವರ ಮನೆ, ಹೊಸಿಲು ದಾಟಿದ ಮೇಲೆ ಮಾತು ನಿಲ್ಲಬೇಕು" ಎನ್ನುತ್ತಾರೆ. ಇನ್ನೊಬ್ಬರು ಅಪೊಸ್ತಲರ ಕೃತ್ಯಗಳು 17:24 ಓದಿ, "ದೇವರು ಕೈಯಿಂದ ಕಟ್ಟಿದ ಆಲಯದಲ್ಲಿ ವಾಸಿಸುವವನಲ್ಲ. ಸೇರಿಬಂದ ಜನವೇ ಆಲಯ. ಇಟ್ಟಿಗೆ ಗಾರೆಗೆ ಪಾವಿತ್ರ್ಯ ಎಲ್ಲಿಂದ?" ಎನ್ನುತ್ತಾರೆ. ಹೀಗೆ ಶುರುವಾದ ಚರ್ಚೆ ಕೊನೆಗೆ ಬಟ್ಟೆ, ಮೊಬೈಲ್, ಮಕ್ಕಳ ಸದ್ದಿಗೆ ಬಂದು ನಿಲ್ಲುತ್ತದೆ.

ಬೇರೆ ಬೇರೆ ಸಭೆಗಳು ಇದರ ಬಗ್ಗೆ ನಿಜವಾಗಿ ಏನು ಕಲಿಸುತ್ತವೆ? ಯಾವುದು ಬರೀ ರೂಢಿ, ಯಾವುದಕ್ಕೆ ಗಟ್ಟಿ ಕಾರಣವಿದೆ? ತಿಳಿದವರು ನಿಯಮದ ಜೊತೆ ಕಾರಣವನ್ನೂ ಹೇಳಿದರೆ ಉಪಕಾರವಾಗುತ್ತದೆ. ಸಂಗೀತ ಕಾರ್ಯಕ್ರಮಕ್ಕೆ ಚರ್ಚ್ ಕೊಡಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1: ಕೆಂಪುದೀಪ

ಕಥೋಲಿಕ ದೇವಾಲಯದ ಮಟ್ಟಿಗೆ ಹೇಳುತ್ತೇನೆ. ಒಳಗೆ ಬಂದವರು ಮೊದಲು ಹುಡುಕಬೇಕಾದ್ದು ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರೀಕರಿಸಿದ, ಕ್ರಿಸ್ತನ ಶರೀರವೆಂದು ನಾವು ನಂಬುವ ರೊಟ್ಟಿಯ) ಪೆಟ್ಟಿಗೆ ಎಲ್ಲಿದೆ, ಅದರ ಬಳಿ ದೀಪ ಉರಿಯುತ್ತಿದೆಯೇ ಎಂಬುದನ್ನು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 938ನೇ ವಿಧಿಯಂತೆ ಆ ಪೆಟ್ಟಿಗೆ ಕದಲದಂತೆ ನೆಲೆಗೊಳಿಸಿದ್ದಾಗಿರಬೇಕು, ಗಟ್ಟಿ ವಸ್ತುವಿನದಾಗಿರಬೇಕು, ಒಳಗಿನದು ಹೊರಗೆ ಕಾಣಬಾರದು, ಬೀಗ ಹಾಕಿರಬೇಕು. 940ನೇ ವಿಧಿ ಅದರ ಮುಂದೆ ವಿಶೇಷ ದೀಪ ಸದಾ ಉರಿಯಬೇಕೆನ್ನುತ್ತದೆ. ಕ್ರಿಸ್ತನು ಅಲ್ಲಿದ್ದಾನೆಂಬ ವಿಶ್ವಾಸದ ಗುರುತು ಅದು. ಮಿಕ್ಕ ಎಲ್ಲ ನಡವಳಿಕೆ ಈ ವಿಶ್ವಾಸದಿಂದ ಹೊರಡುತ್ತದೆ. ನಾವು ಬಾಗುವುದು ಅಲ್ಲಿರುವ ಪ್ರಭುವಿಗೆ. ಗೋಡೆಗೆ ಯಾರೂ ಮಂಡಿಯೂರುವುದಿಲ್ಲ.

ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 274ನೇ ಕಲಮಿನ ಪ್ರಕಾರ ಬಲ ಮಂಡಿಯನ್ನು ನೆಲ ಮುಟ್ಟುವವರೆಗೆ ಊರಬೇಕು. ಪೆಟ್ಟಿಗೆ ಪಕ್ಕದ ಚಾಪೆಲ್‌ನಲ್ಲಿದ್ದು ಎದುರಿಗೆ ಬಲಿಪೀಠ ಮಾತ್ರ ಇದ್ದರೆ ಸೊಂಟದಿಂದ ಬಾಗಿ ನಮಿಸಿದರೆ ಸಾಕು. ಮಂಡಿನೋವಿದ್ದವರು, ವಯಸ್ಸಾದವರು ಎಲ್ಲೆಡೆಯೂ ಹಾಗೆ ಬಾಗಬಹುದು, ಅದರಲ್ಲಿ ಕೊರತೆಯೇನಿಲ್ಲ. ಓಡುತ್ತಾ ಅರ್ಧ ಮಂಡಿ ಬಗ್ಗಿಸಿ ಬೆಂಚಿಗೆ ಜಾರುವುದಕ್ಕಿಂತ ನಿಂತು ನಿಧಾನವಾಗಿ ಬಾಗುವುದು ಎಷ್ಟೋ ಮೇಲು.

ತಪ್ಪುವುದು ಸಾಮಾನ್ಯವಾಗಿ ಈ ಜಾಗಗಳಲ್ಲಿ. ಪೆಟ್ಟಿಗೆ ಬಲಿಪೀಠದ ಆವರಣದಲ್ಲೇ ಇದ್ದಾಗ ಪೂಜೆಯ ಸೇವಕರು ಬರುವಾಗ ಮತ್ತು ಹೋಗುವಾಗ ಮಂಡಿಯೂರುತ್ತಾರೆ. ಪೂಜೆಯ ನಡುವೆ ಅತ್ತಿತ್ತ ಓಡಾಡುವಾಗಲೆಲ್ಲ ಊರಬೇಕಿಲ್ಲ. ಶಿಲುಬೆ ಅಥವಾ ಮೇಣದಬತ್ತಿ ಹಿಡಿದವರು ತಲೆ ಮಾತ್ರ ಬಾಗಿಸಬೇಕು. ಪವಿತ್ರ ಗುರುವಾರ ರಾತ್ರಿ ಪರಮಪ್ರಸಾದವನ್ನು ಬೇರೆಡೆ ಒಯ್ದ ಮೇಲೆ ಪೆಟ್ಟಿಗೆ ಖಾಲಿ, ಆದರೂ ಜನ ಅಭ್ಯಾಸಬಲದಿಂದ ಅದಕ್ಕೇ ಮಂಡಿಯೂರುತ್ತಾರೆ. ಶುಭ ಶುಕ್ರವಾರದ ಶಿಲುಬೆ ಆರಾಧನೆಯಿಂದ ಪಾಸ್ಖ (ಈಸ್ಟರ್) ಜಾಗರಣೆ ಆರಂಭವಾಗುವ ತನಕ ಮಂಡಿಯೂರಬೇಕಾದ್ದು ಶಿಲುಬೆಗೆ.

ಬಲಿಪೀಠದ ಮೇಲೆ ಪೂಜೆಗೆ ಬೇಕಾದ್ದನ್ನು ಬಿಟ್ಟು ಬೇರೇನೂ ಇಡಬಾರದು (306ನೇ ಕಲಂ). ಕನ್ನಡಕದ ಡಬ್ಬಿ, ಮೊಬೈಲ್, ನೀರಿನ ಬಾಟಲಿ, ಪ್ರಕಟಣೆ ಹಾಳೆ, ಅಲಂಕಾರ ಮಾಡುವಾಗ ಕತ್ತರಿ, ದಾರದುಂಡೆ, ಇವೆಲ್ಲಕ್ಕೂ ಪಕ್ಕದಲ್ಲೊಂದು ಚಿಕ್ಕ ಮೇಜು ಹಾಕಿ. ಹೂವೂ ಮಿತವಾಗಿ, ಪೀಠದ ಸುತ್ತ ಇರಲಿ, ಮೇಲೆ ಬೇಡ. ಪ್ರತಿಷ್ಠೆಯ ದಿನ ಕ್ರಿಸ್ಮ ಎಂಬ ಪವಿತ್ರ ತೈಲ ಬಳಿದ ಪೀಠ ಅದು, ಗುರುಗಳು ಮುತ್ತಿಡುವ ಪೀಠ.

ಮೌನದ ವಿಷಯ 45ನೇ ಕಲಮಿನಲ್ಲಿದೆ. ಪೂಜೆಗೆ ಮುಂಚೆ ದೇವಾಲಯದಲ್ಲಿ ಮಾತ್ರವಲ್ಲ, ಸಾಕ್ರಿಸ್ಟಿಯಲ್ಲೂ (ಪೂಜೆಗೆ ಸಿದ್ಧವಾಗುವ ಒಳಕೋಣೆ) ಮೌನವಿರಬೇಕೆಂಬುದು ಅದರ ಆಶಯ. ಬೆಂಚಿನಲ್ಲಿ ಕೂತವರನ್ನು ಸುಮ್ಮನಿರಿಸಿ, ಒಳಕೋಣೆಯಲ್ಲಿ "ಎರಡನೇ ವಾಚನ ಯಾರದ್ದು?" ಎಂದು ಕೂಗಾಡಿದರೆ ಜನ ನಂಬುವುದು ಆ ಕೂಗನ್ನೇ.

ರೊಟ್ಟಿ ಕೆಳಗೆ ಬಿದ್ದರೆ ಗೌರವದಿಂದ ಎತ್ತಿಕೊಳ್ಳಬೇಕು. ಪವಿತ್ರ ರಕ್ತ, ಅಂದರೆ ಪವಿತ್ರೀಕರಿಸಿದ ದ್ರಾಕ್ಷಾರಸ, ಚೆಲ್ಲಿದರೆ ಆ ಜಾಗವನ್ನು ನೀರಿನಿಂದ ತೊಳೆದು, ಆ ನೀರನ್ನು ಸಾಕ್ರಿಸ್ಟಿಯಲ್ಲಿ ಅದಕ್ಕೆಂದೇ ಇರುವ, ನೇರ ಮಣ್ಣಿಗೆ ಇಳಿಯುವ ತೊಟ್ಟಿಗೆ ಸುರಿಯಬೇಕು. ಮಾಮೂಲಿ ಸಿಂಕಿಗೆ ಹೋಗಕೂಡದು.

ಉತ್ತರ 2: ವಾಕ್ಯಪೀಠ

ಸುಧಾರಣಾ (ಪ್ರೊಟೆಸ್ಟೆಂಟ್) ಪರಂಪರೆಯಿಂದ ಬರೆಯುತ್ತಿದ್ದೇನೆ. ಕೆಂಪುದೀಪ ಅವರು ಹೇಳಿದ್ದರ ಬುಡ ಪರಮಪ್ರಸಾದದಲ್ಲಿದೆ. ನಮ್ಮಲ್ಲಿ ಬುಡ ಬೇರೆ ಕಡೆ ಇದೆ. ಹಾಗೆಂದು ನಮ್ಮಲ್ಲಿ ಬುಡವೇ ಇಲ್ಲ ಎಂದುಕೊಳ್ಳುವುದು ತಪ್ಪು. ಆ ತಪ್ಪನ್ನು ನಮ್ಮವರೇ ಹೆಚ್ಚಾಗಿ ಮಾಡುತ್ತಾರೆ.

ಆಲಯವನ್ನು ಪ್ರತಿಷ್ಠಿಸಿದ ದಿನವೇ ಸೊಲೊಮೋನನು, ಆಕಾಶವೂ ಉನ್ನತಾಕಾಶವೂ ನಿನ್ನ ವಾಸಕ್ಕೆ ಸಾಲದಿರುವಾಗ ನಾನು ಕಟ್ಟಿದ ಈ ಮನೆ ಸಾಕಾದೀತೇ ಎಂದು ಕೇಳಿದ (1 ಅರಸುಗಳು 8:27). ಕ್ರಿಸ್ತನು ಪ್ರಾಣಬಿಟ್ಟಾಗ ದೇವಾಲಯದ ತೆರೆ ಹರಿಯಿತು. 1 ಕೊರಿಂಥ 3:16ರಲ್ಲಿ ಪೌಲನು ಆಲಯ ಎಂದು ಕರೆಯುವುದು ಇಡೀ ಸಭೆಯನ್ನು. ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ (ನಮ್ಮ ಪರಂಪರೆಯ ಬೋಧನೆಯ ದಾಖಲೆ) 21ನೇ ಅಧ್ಯಾಯವೂ, ಯಾವುದೇ ಸ್ಥಳದಿಂದಾಗಿ ಪ್ರಾರ್ಥನೆ ದೇವರಿಗೆ ಹೆಚ್ಚು ಮೆಚ್ಚುಗೆಯಾಗುವುದಿಲ್ಲ ಎನ್ನುತ್ತದೆ.

ಆದರೆ 1566ರ ಎರಡನೇ ಹೆಲ್ವೆಟಿಕ್ ವಿಶ್ವಾಸ ಪ್ರಮಾಣದ 22ನೇ ಅಧ್ಯಾಯ ಓದಿ. ದೇವರು ಕೈಯಿಂದ ಕಟ್ಟಿದ ಆಲಯದಲ್ಲಿ ವಾಸಿಸುವುದಿಲ್ಲ ಎಂದು ಒಪ್ಪಿಕೊಂಡೇ, ದೇವರ ವಾಕ್ಯ ಮತ್ತು ಪವಿತ್ರ ಬಳಕೆಯ ಕಾರಣ ಆರಾಧನೆಯ ಸ್ಥಳಗಳು ಪವಿತ್ರ, ಅಲ್ಲಿರುವವರು ದೇವರ ಮುಂದೆ, ಆತನ ದೂತರ ಮುಂದೆ ಇದ್ದೇವೆಂದು ತಿಳಿದು ನಡೆಯಬೇಕು ಎನ್ನುತ್ತದೆ. ದೇವಾಲಯದ ನಿಜವಾದ ಅಲಂಕಾರ ಚಿನ್ನ, ದಂತ, ರತ್ನಗಳಲ್ಲಿಲ್ಲ, ಒಳಗಿರುವವರ ಸರಳತೆ ಮತ್ತು ಭಕ್ತಿಯಲ್ಲಿದೆ ಎಂದೂ ಅಲ್ಲೇ ಇದೆ. ನಿಮ್ಮ ಪ್ರಶ್ನೆಯ ಎರಡು ಕಡೆಯವರೂ ಕೂತು ಓದಬೇಕಾದ ಅಧ್ಯಾಯ ಇದು. 1544ರಲ್ಲಿ ಜರ್ಮನಿಯ ಟೋರ್ಗೌ ಅರಮನೆಯ ಚಾಪೆಲನ್ನು ಪ್ರತಿಷ್ಠಿಸುವಾಗ ಸುಧಾರಕ ಮಾರ್ಟಿನ್ ಲೂಥರ್ ಕೊಟ್ಟ ಅಳತೆಗೋಲೂ ಇಂಥದ್ದೇ: ಇಲ್ಲಿ ಕರ್ತನು ತನ್ನ ವಾಕ್ಯದ ಮೂಲಕ ನಮ್ಮೊಡನೆ ಮಾತಾಡಲಿ, ನಾವು ಪ್ರಾರ್ಥನೆ ಸ್ತೋತ್ರಗಳಿಂದ ಉತ್ತರ ಕೊಡೋಣ, ಬೇರೇನೂ ಬೇಡ.

ಈ ಅಳತೆಗೋಲು ಹಿಡಿದರೆ ಕೆಲಸ ಸುಲಭ. ವಾಕ್ಯ ಕೇಳಿಸದಂತೆ ಮಾಡುವುದು, ಪ್ರಾರ್ಥನೆಯನ್ನು ಕದಡುವುದು, ಇವೇ ಅಗೌರವ. ಓದುವವರು ಭಾಗವನ್ನು ಹಿಂದಿನ ದಿನವೇ ಗಟ್ಟಿಯಾಗಿ ಎರಡು ಮೂರು ಸಲ ಓದಿರಬೇಕು. ಹೆಸರುಗಳಲ್ಲಿ ತಡವರಿಸುವುದು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದೆ ಮುಂದಿನ ವಚನಕ್ಕೆ ನುಗ್ಗುವುದು, ಕಾಲಿಗೆ ಚಪ್ಪಲಿ ಇದೆಯೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ವಿಷಯ. ವಾದ್ಯ ಮತ್ತು ಮೈಕಿನ ಪರೀಕ್ಷೆ ಆರಾಧನೆಗೆ ಅರ್ಧ ಗಂಟೆ ಮೊದಲೇ ಮುಗಿಯಲಿ. ಅದು ಕೊನೇ ನಿಮಿಷದವರೆಗೆ ಎಳೆದರೆ, ಬೇಗ ಬಂದು ಪ್ರಾರ್ಥಿಸುವವರಿಗೆ ಜಾಗವೇ ಇರುವುದಿಲ್ಲ, ಅವರು ಕ್ರಮೇಣ ತಡವಾಗಿ ಬರತೊಡಗುತ್ತಾರೆ. ತಡವಾಗಿ ಬಂದವರನ್ನು ಓದು ಅಥವಾ ಪ್ರಾರ್ಥನೆ ಮುಗಿಯುವ ತನಕ ಬಾಗಿಲಲ್ಲೇ ನಿಲ್ಲಿಸಿ, ಹಾಡು ಶುರುವಾದಾಗ ಒಳಗೆ ಬಿಡಿ. ಹಿಂದಿನ ಮೂರು ನಾಲ್ಕು ಸಾಲು ಅವರಿಗೆಂದೇ ಖಾಲಿ ಇರಲಿ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಭಾರವಾದದ್ದು. ಕೊರಿಂಥದವರು ಕರ್ತನ ಭೋಜನವನ್ನು ಅಯೋಗ್ಯವಾಗಿ ತೆಗೆದುಕೊಂಡರು ಎಂದು ಪೌಲನು ಗದರಿದ್ದು ಯಾಕೆ? ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಅಮಲೇರಿರುತ್ತಾನೆ, ಇಲ್ಲದವರನ್ನು ನಾಚಿಕೆಪಡಿಸುತ್ತೀರಿ ಎಂದು (1 ಕೊರಿಂಥ 11:21-22). ಯಾಕೋಬ 2ರಲ್ಲೂ ಅಪರಾಧ ಅದೇ: ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ನೆಲ. ಮುಂದಿನ ಸಾಲನ್ನು ಗಣ್ಯರಿಗೆ ಕಾದಿರಿಸಿ, ಕೊಳೆಬಟ್ಟೆಯವನನ್ನು ಕಂಬದ ಹಿಂದೆ ಕೂರಿಸಿದ ಸಭೆ ಎಷ್ಟೇ ನಿಶ್ಶಬ್ದವಾಗಿದ್ದರೂ ಅಲ್ಲಿ ಭಯಭಕ್ತಿ ಇಲ್ಲ.

ಉತ್ತರ 3: ಧೂಪ

ಆರ್ಥಡಾಕ್ಸ್ ಸಭೆಗಳ ಬಗ್ಗೆ ಚಿಕ್ಕದಾಗಿ. ಹೊರಗಿನ ಭಂಗಿ ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ ಎಂಬುದಕ್ಕೆ ಇಲ್ಲಿ ಒಳ್ಳೆಯ ಉದಾಹರಣೆಯಿದೆ. ಕ್ರಿ.ಶ. 325ರ ನೈಸಿಯಾ ಮಹಾಸಭೆಯ 20ನೇ ನಿಯಮದಂತೆ ಭಾನುವಾರಗಳಲ್ಲೂ ಪಾಸ್ಖದಿಂದ ಪಂಚಾಶತ್ತಮದವರೆಗಿನ ದಿನಗಳಲ್ಲೂ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕು. ಪುನರುತ್ಥಾನದ ದಿನ ನಿಲ್ಲುವುದೇ ಗೌರವ.

ಸುವಾರ್ತೆ ಓದುವಾಗ, ಸುವಾರ್ತಾ ಗ್ರಂಥವನ್ನೂ ಕಾಣಿಕೆಗಳನ್ನೂ ಮೆರವಣಿಗೆಯಲ್ಲಿ ತರುವಾಗ, ಕಾಣಿಕೆಗಳ ಮೆರವಣಿಗೆಗೆ ಹಾಡುವ ಕೆರೂಬಿ ಗೀತೆ ನಡೆಯುವಾಗ, ವಿಶ್ವಾಸ ಪ್ರಮಾಣ ಹೇಳುವಾಗ ಓಡಾಡಬಾರದು. ಮೇಣದಬತ್ತಿ ಹಚ್ಚಲು ಮುಂದೆ ಹೋಗುವುದನ್ನೂ ಆಗ ತಡೆಹಿಡಿಯಿರಿ. ಬಲಿಪೀಠದ ಆವರಣವನ್ನು ಬೇರ್ಪಡಿಸುವ ಐಕಾನ್ (ಪವಿತ್ರ ಚಿತ್ರ) ಪರದೆಯ ನಡುವಿನ ರಾಜದ್ವಾರದಲ್ಲಿ ಯಾಜಕವರ್ಗದವರು ಮಾತ್ರ ಹಾಯುತ್ತಾರೆ. ಐಕಾನ್‌ಗೆ ಮುತ್ತಿಡುವಾಗ ಮುಖಕ್ಕೆ ಬೇಡ, ಕೈಗೋ ಪಾದಕ್ಕೋ ಇಡಿ. ಲಿಪ್‌ಸ್ಟಿಕ್ ಇದ್ದರೆ ಮೊದಲೇ ಒರೆಸಿಕೊಳ್ಳಿ, ಆ ಎಣ್ಣೆ ಬಣ್ಣದ ಪದರಕ್ಕೆ ಇಳಿದು ಕಲೆಯಾಗುತ್ತದೆ. ಇಥಿಯೋಪಿಯದ ಸಭೆಯಲ್ಲಿ, ಉರಿಯುವ ಪೊದೆಯ ಮುಂದೆ ಮೋಶೆ ಮಾಡಿದಂತೆ ಪಾದರಕ್ಷೆ ಕಳಚಿಯೇ ಒಳಗೆ ಹೋಗಬೇಕು. ಅತಿಥಿಯಾಗಿ ಹೋದವರು ಹಿಂದೆ ನಿಂತು, ಅಲ್ಲಿಯವರು ಮಾಡುವುದನ್ನು ನೋಡಿ ನಡೆದರೆ ಸಾಕು.

ಹಿಂದಿನಬೆಂಚು:

ಮೂವರಿಗೂ ಧನ್ಯವಾದಗಳು. ಹೆಲ್ವೆಟಿಕ್ ಪ್ರಮಾಣದ ಮಾತು ಹೊಸ ದಾರಿ ತೋರಿಸಿತು. ಮಕ್ಕಳು, ಮೊಬೈಲ್, ಫೋಟೋ ತೆಗೆಯುವವರು: ಇವುಗಳ ಬಗ್ಗೆಯೂ ಹೇಳುತ್ತೀರಾ? ತಪ್ಪು ಮಾಡಿದವರಿಗೆ ಯಾರು ಹೇಳಬೇಕು, ಹೇಗೆ ಹೇಳಬೇಕು?

ಉತ್ತರ 4: ಬಾಗಿಲಸೇವೆ

ಮಕ್ಕಳಿಂದಲೇ ಶುರುಮಾಡೋಣ. ಯೇಸು ವ್ಯಾಪಾರಿಗಳನ್ನು ದೇವಾಲಯದಿಂದ ಹೊರಗಟ್ಟಿದ ಪ್ರಸಂಗವನ್ನು ಎಲ್ಲರೂ ಎತ್ತುತ್ತಾರೆ, ಆದರೆ ಮತ್ತಾಯ 21:13ಕ್ಕೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ವಚನದಲ್ಲಿ ಕುರುಡರೂ ಕುಂಟರೂ ಅದೇ ದೇವಾಲಯದೊಳಗೆ ಆತನ ಬಳಿಗೆ ಬರುತ್ತಾರೆ. ಅದರ ಮುಂದಿನದರಲ್ಲಿ ಮಕ್ಕಳು "ಹೊಸನ್ನ" ಎಂದು ಕೂಗುತ್ತಾರೆ. ಮಹಾಯಾಜಕರು ಸಿಟ್ಟಾಗುವುದು ಆಗ. ಯೇಸು ಮಕ್ಕಳ ಪರ ನಿಲ್ಲುತ್ತಾನೆ. ಲೇವಾದೇವಿಯ ಸದ್ದನ್ನು ಆತನು ಸಹಿಸಲಿಲ್ಲ, ಮಕ್ಕಳ ಸದ್ದನ್ನು ಯಾಜಕರು ಸಹಿಸಲಿಲ್ಲ. ನಾವು ಯಾವ ಸದ್ದಿಗೆ ಮುಖ ಗಂಟಿಕ್ಕುತ್ತೇವೆ ಎಂದು ಪ್ರತಿ ಸಭೆಯೂ ಕೇಳಿಕೊಳ್ಳಬೇಕು.

ಚಿಕ್ಕ ಮಕ್ಕಳಿರುವ ಕುಟುಂಬವನ್ನು ಹಿಂದಕ್ಕೆ ಕಳಿಸುವುದು ಸಾಮಾನ್ಯ ತಪ್ಪು. ಅಲ್ಲಿ ಮಗುವಿಗೆ ಕಾಣುವುದು ಬೆನ್ನುಗಳು ಮಾತ್ರ, ಬೇಸರದಿಂದಲೇ ಗಲಾಟೆ ಹೆಚ್ಚುತ್ತದೆ. ಮುಂದಿನ ಎರಡು ಮೂರು ಸಾಲುಗಳಲ್ಲಿ, ನಡುದಾರಿಯ ತುದಿಗೆ ಕೂರಿಸಿ. ಗೊಣಗಾಟ, ಪ್ರಶ್ನೆ ಇದ್ದದ್ದೇ. ಬಿಡದೆ ಅಳತೊಡಗಿದರೆ ಹೊರಗೆ ಕರೆದೊಯ್ದು ಸಮಾಧಾನವಾದ ಕೂಡಲೇ ಒಳಗೆ ತನ್ನಿ. ಹೊರಗೆ ಆಟಕ್ಕೆ ಬಿಟ್ಟರೆ, ಅತ್ತರೆ ಆಟ ಸಿಗುತ್ತದೆಂದು ಮಗು ಕಲಿಯುತ್ತದೆ. ಆಟಿಕೆ ಬಟ್ಟೆಯದಾಗಿರಲಿ. ಮುಂಭಾಗದ ಪಡಸಾಲೆಯಲ್ಲೊಂದು ಸ್ಪೀಕರ್ ಇದ್ದರೆ ತಾಯಿ ತಂದೆಗೆ ಓದೂ ಪ್ರಸಂಗವೂ ತಪ್ಪುವುದಿಲ್ಲ. ಉಳಿದವರು ಮಾಡಬೇಕಾದ್ದು ಒಂದೇ, ತಿರುಗಿ ನೋಡದಿರುವುದು.

ಮೊಬೈಲನ್ನು ವೈಬ್ರೇಷನ್‌ಗೆ ಹಾಕಿ ಮರದ ಬೆಂಚಿನ ಮೇಲಿಟ್ಟರೆ ಸುತ್ತಲ ಸಾಲಿಗೆಲ್ಲ ಕೇಳುತ್ತದೆ. ಏರೋಪ್ಲೇನ್ ಮೋಡ್ ಒಳ್ಳೆಯದು, ಫೋನಿನಲ್ಲಿ ಬೈಬಲ್ ಓದುವವರಿಗೂ ಅದು ಸಾಕು. ಪರದೆಯ ಬೆಳಕು ಇಳಿಸಿ. ತುರ್ತು ಕರೆ ಬರಬಹುದಾದ ವೈದ್ಯರಂಥವರು ಜೇಬಿನಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂರಲಿ.

ಫೋಟೋಗ್ರಾಫರ್ ಜೊತೆ ಸಮಾರಂಭಕ್ಕೆ ಮೊದಲೇ, ಜಾಗದಲ್ಲೇ ನಿಂತು ಮಾತಾಡಿ. ನಿಲ್ಲಲು ಎರಡು ಜಾಗ ಗುರುತಿಸಿ: ಹಿಂದೆ ಒಂದು, ಪಕ್ಕದಲ್ಲಿ ಒಂದು. ಫ್ಲ್ಯಾಶ್ ಇಲ್ಲ, ಬಲಿಪೀಠದ ಆವರಣಕ್ಕೆ ಹತ್ತುವಂತಿಲ್ಲ, ಪ್ರಾರ್ಥನೆ ಮತ್ತು ಪ್ರಭುಭೋಜನದ ಹೊತ್ತಿನಲ್ಲಿ ಕ್ಯಾಮೆರಾ ಕೆಳಗೆ. ನಡುವೆ ಸನ್ನೆ ಮಾಡಿ ತಡೆಯಹೋದರೆ ಎಲ್ಲರ ಕಣ್ಣೂ ಅತ್ತ ಹೋಗುತ್ತದೆ.

ತಿದ್ದುವ ಕೆಲಸ ಒಬ್ಬರಿಗೋ ಇಬ್ಬರಿಗೋ ಒಪ್ಪಿಸಿರಬೇಕು. ಸಿಕ್ಕವರೆಲ್ಲ "ಶ್" ಎಂದರೆ ಆ "ಶ್" ಮೂಲ ಮಾತಿಗಿಂತ ಜೋರು. ಆರಾಧನೆಗೆ ಅಡ್ಡಿಯಾಗುತ್ತಿದ್ದರೆ ಮಾತ್ರ ಆಗಲೇ, ಹತ್ತಿರ ಹೋಗಿ, ಮೆಲ್ಲಗೆ ಹೇಳಿ. ಉಳಿದದ್ದೆಲ್ಲ ಮುಗಿದ ಮೇಲೆ, ಒಬ್ಬರೇ ಇದ್ದಾಗ (ಮತ್ತಾಯ 18:15). ಮೊದಲ ಸಲ ಬಂದವರ ಉಡುಪಿನ ಬಗ್ಗೆ ಏನೂ ಹೇಳಬೇಡಿ. ನಾಲ್ಕನೇ ಶತಮಾನದ ಯೋಹಾನ ಕ್ರಿಸೊಸ್ತೋಮ್ ಮತ್ತಾಯನ ಸುವಾರ್ತೆಯ ಮೇಲಿನ ಪ್ರಸಂಗದಲ್ಲಿ ಎಚ್ಚರಿಸುತ್ತಾರೆ: ಒಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬತ್ತಲೆ ನಿಂತ ಅದೇ ಕ್ರಿಸ್ತನನ್ನು ಕಡೆಗಣಿಸಬೇಡಿ.

ಉತ್ತರ 5: ಕೆಂಪುದೀಪ

ಬಾಗಿಲಸೇವೆ ಅವರೇ, ಮಕ್ಕಳ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ಮಾತುಕತೆಯ ಬಗ್ಗೆ ಒಂದು ಸೇರಿಸಬೇಕು. ಒಳಗೆ ಮೌನ ಬೇಕೆಂದರೆ ಹೊರಗೆ ಮಾತಿಗೆ ನೆರಳಿರುವ ಜಾಗ, ನಾಲ್ಕು ಕುರ್ಚಿ ಮಾಡಿಕೊಡಿ. ವಾರಕ್ಕೊಮ್ಮೆ ಸಿಗುವ ವಿಶ್ವಾಸಿಗಳು ಕುಶಲ ವಿಚಾರಿಸುವುದು ಸಹಜ, ಒಳ್ಳೆಯದೂ ಹೌದು. ಜಾಗ ಕೊಡದೆ ಬೈದರೆ ಮಾತು ಬೆಂಚಿಗೇ ಮರಳುತ್ತದೆ.

ಸಂಗೀತ ಕಾರ್ಯಕ್ರಮದ ಪ್ರಶ್ನೆಗೆ: ಧರ್ಮಸಭೆಯ ಕಾನೂನು ಸಂಹಿತೆಯ 1210ನೇ ವಿಧಿಯಂತೆ ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿ, ಧರ್ಮಕ್ಕೆ ನೆರವಾಗುವುದಕ್ಕೆ ಮಾತ್ರ ಅವಕಾಶ. ಸ್ಥಳದ ಪಾವಿತ್ರ್ಯಕ್ಕೆ ವಿರುದ್ಧವಲ್ಲದ ಬೇರೆ ಬಳಕೆಗೆ ಧರ್ಮಾಧ್ಯಕ್ಷರು ಆಯಾ ಸಂದರ್ಭಕ್ಕೆ ಅನುಮತಿ ಕೊಡಬಹುದು. 1987ರಲ್ಲಿ ರೋಮಿನ ದೈವಾರಾಧನೆಯ ಪೀಠ ಚರ್ಚ್‌ಗಳಲ್ಲಿನ ಸಂಗೀತ ಕಚೇರಿಗಳ ಬಗ್ಗೆಯೇ ಪತ್ರ ಹೊರಡಿಸಿತು. ದಿನಾಂಕ, ಸಮಯ, ಹಾಡುಗಳ ಮತ್ತು ರಚನಕಾರರ ಪಟ್ಟಿಯೊಡನೆ ಮೊದಲೇ ಲಿಖಿತ ಅರ್ಜಿ ಬರಬೇಕು. ಪ್ರವೇಶ ಉಚಿತವಾಗಿ ಎಲ್ಲರಿಗೂ ತೆರೆದಿರಬೇಕು. ಗಾಯಕರು, ವಾದ್ಯಗಾರರು ಬಲಿಪೀಠದ ಆವರಣದಲ್ಲಿ ಕೂರಬಾರದು. ಪರಮಪ್ರಸಾದವನ್ನು ಸಾಧ್ಯವಾದಷ್ಟೂ ಪಕ್ಕದ ಚಾಪೆಲ್‌ಗೆ ಅಥವಾ ಬೇರೆ ಯೋಗ್ಯ ಜಾಗಕ್ಕೆ ಒಯ್ಯಬೇಕು. ಖರ್ಚು, ಹಾನಿಯ ಹೊಣೆ, ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಜೋಡಿಸುವ ಹೊಣೆಯನ್ನು ಏರ್ಪಡಿಸಿದವರು ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಬೇರೆ ಸಭೆಗಳವರೂ ಈ ಪಟ್ಟಿಯನ್ನು ಸ್ವಲ್ಪ ತಿದ್ದಿ ಬಳಸಿಕೊಳ್ಳಬಹುದು.