ಡೆನ್ಮಾರ್ಕ್ ಟ್ರಿಪ್‌ಗೆ ಸಹಾಯ ಬೇಕು: ಪ್ಯೂರ್ ವೆಜ್ ಅಮ್ಮ, ಚಿಕ್ಕ ಮಕ್ಕಳು

ಎಲ್ರಿಗೂ ನಮಸ್ಕಾರ, ಜುಲೈ ಕೊನೇಲಿ ಫ್ಯಾಮಿಲಿ ಜೊತೆ ಕೋಪನ್‌ಹೇಗನ್‌ಗೆ ಹೊರಟಿದೀವಿ, ಅಲ್ಲಿರೋ ಕನ್ನಡದವ್ರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ಟಿವೊಲಿ ಅಂತೂ ಫಿಕ್ಸ್, 1843ರಿಂದ ಇರೋ ಪಾರ್ಕು, ಆದ್ರೆ ಎಂಟ್ರಿಗೆ ಬೇರೆ ರೈಡ್ಸ್‌ಗೆ ಬೇರೆ ದುಡ್ಡು, ಹಂಗಾಗಿ ಸಂಜೆ ಹೋಗಿ ಲೈಟಿಂಗ್ಸ್ ನೋಡ್ಕೊಂಡು ಬಂದ್ರೆ ಸಾಕಾ ಇಲ್ಲಾ ರೈಡ್ ಪಾಸ್ ತಗೊಂಡು ಇಡೀ ದಿನ ಇರೋದಾ? ಅಮ್ಮಂಗೆ ಮಂಡಿ ನೋವು, ರೌಂಡ್ ಟವರ್ ಒಳಗೆ ಮೆಟ್ಟಿಲ ಬದ್ಲು ಸುತ್ಕೊಂಡು ಹತ್ತೋ ಇಳಿಜಾರು ದಾರಿ ಇದೆ, ಕೊನೇಲಿ ಮಾತ್ರ ಒಂದಿಷ್ಟು ಮೆಟ್ಟಿಲು, ವಯಸ್ಸಾದವ್ರನ್ನ ಕರ್ಕೊಂಡು ಹೋದವ್ರು ಇದೀರಾ?

ದೊಡ್ಡ ತಲೆನೋವು ಊಟದ್ದೇ. ನಮಗೂ ಮಕ್ಕಳಿಗೂ ರಸ್ತೆ ಬದಿ ಹಾಟ್‌ಡಾಗ್ ಗಾಡಿ ಆದ್ರೂ ನಡಿಯತ್ತೆ, ಅಮ್ಮ ಮೊಟ್ಟೇನೂ ಮುಟ್ಟಲ್ಲ. ಅಲ್ಲಿನ ಸ್ಮೊರೆಬ್ರೋಡ್ ಅಂದ್ರೆ ರೈ ಬ್ರೆಡ್ ಮೇಲೆ ಮೀನು ಮಾಂಸನೇ ಜಾಸ್ತಿ, ಆಲೂಗಡ್ಡೆದೂ ಸಿಗತ್ತೆ ಸರಿ, ಅದ್ರ ಮೇಲೆ ಮೊಟ್ಟೆ ಹಾಕಿ ಮಾಡೋ ಮೇಯೊನೀಸ್ ಸುರಿದಿರ್ತಾರೆ! ಟೋರ್ವೆಹಾಲರ್ನೆ ಮಾರ್ಕೆಟ್‌ನಲ್ಲಿ ಮೊಟ್ಟೆ ಇಲ್ದಿರೋದು ಏನು ಸಿಗತ್ತೆ? ಅವಲಕ್ಕಿ, ಚಟ್ನಿಪುಡಿ ಹೆಂಗೂ ಬ್ಯಾಗಲ್ಲಿ ಇರತ್ತೆ ಬಿಡಿ.

ಇನ್ನೊಂದು, ಮಕ್ಕಳ ಥೀಮ್ ಪಾರ್ಕ್ ಲೆಗೋಲ್ಯಾಂಡ್ ಇರೋದು ದೂರದ ಬಿಲುಂಡ್ ಊರಲ್ಲಿ, ವೈಲೆವರೆಗೂ ಟ್ರೈನು ಆಮೇಲೆ ಬಸ್ಸು, ಮಕ್ಕಳನ್ನ ಕಟ್ಕೊಂಡು ಒಂದೇ ದಿನದಲ್ಲಿ ಹೋಗ್ಬರೋದು ಹುಚ್ಚಾಟನಾ, ಇಲ್ಲಾ ಅಲ್ಲೇ ಒಂದು ರಾತ್ರಿ ಉಳ್ಕೊಂಡ್ಬಿಡೋದಾ?