ಹಿಂದಿನ ಸೀಟು ಮತ್ತು ಭಾವನ ಲೆಕ್ಕ

ಅಕ್ಕ-ಭಾವ ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಾನು, ನನ್ನ ಹೆಂಡತಿ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಮ್ಮ ಮೈಸೂರಿನಲ್ಲಿ. ಎರಡೂ ಮನೆಯವರು ಅರ್ಧರ್ಧ ದುಡ್ಡು ಹಾಕಿ ತೆಗೆದುಕೊಂಡ ಹಳೆಯ ಟ್ರಾನ್ಸ್‌ಪೋರ್ಟರ್ ವ್ಯಾನ್ ಮಾತ್ರ ಶ್ರಾಪ್‌ಶೈರ್‌ನ ಲಡ್ಲೋ ಹತ್ತಿರ ಒಂದು ಹಳ್ಳಿಯಲ್ಲಿದೆ. ಅಲ್ಲಿ ಹಳೆಯ ದನದ ಕೊಟ್ಟಿಗೆಯನ್ನೇ ವರ್ಕ್‌ಶಾಪ್ ಮಾಡಿಕೊಂಡವನೊಬ್ಬ ಅದನ್ನು ಕ್ಯಾಂಪರ್ ಮಾಡಿಕೊಡುತ್ತಾನೆ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಗಾಡಿ. ಬುಧವಾರ ಸಂಜೆ 'ಮನೆ ಮಂದಿ' ಗುಂಪಿನಲ್ಲಿ ನಡೆದದ್ದು ಇದು.

ನಾನು: ಕೊಟೇಶನ್ ಫೋಟೊ ಹಾಕಿದ್ದೇನೆ. ಶುಕ್ರವಾರದೊಳಗೆ ಹೂಂ ಅಂದರೆ ಏಪ್ರಿಲ್‌ನಲ್ಲಿ ವ್ಯಾನ್ ಕೊಡುತ್ತಾನಂತೆ.

ಭಾವ: ಹಿಂದಿನ ಸೀಟು ಒಂದಕ್ಕೇ ಇಷ್ಟಾ? ಹಲಗೆ ಬೆಂಚ್ ಮಾಡಿಸಿ ಮೇಲೆ ಹಾಸಿಗೆ ಹಾಕಿದರೆ ಕಾಲು ಭಾಗಕ್ಕೆ ಮುಗಿಯುತ್ತದೆ.

ನಾನು: ಹಲಗೆ ಬೆಂಚ್ ಗಾಡಿ ನಿಂತಾಗ ಕೂರುವುದಕ್ಕೆ ಸರಿ ಭಾವ, ಓಡುವಾಗ ಅಲ್ಲ. ಇವನು ಹಾಕುವ ಸೀಟು ಎಳೆದು ಪರೀಕ್ಷೆ ಮಾಡಿದ್ದು. ಬೆಲ್ಟಿನ ಎಳೆತ ನೇರ ನೆಲದ ಉಕ್ಕಿಗೆ ಹೋಗುತ್ತದೆ. ಪ್ಲೈವುಡ್‌ಗೆ ಸ್ಕ್ರೂ ಹೊಡೆದು ಬೆಲ್ಟ್ ಕಟ್ಟಿದರೆ ಜೋರಾಗಿ ಬ್ರೇಕ್ ಹಾಕಿದಾಗ ಕಿತ್ತುಕೊಂಡು ಬರುತ್ತದೆ.

ಭಾವ: ಮುಂದೆ 3 ಜನ ಕೂರಬಹುದಲ್ವಾ?

ಅಕ್ಕ: ನಾವು ನಾಲ್ಕು ಜನ ರೀ. ಮೇ ತಿಂಗಳಿಗೆ ಅಮ್ಮ ಬಂದರೆ ಐದು. ಉಳಿದ ಇಬ್ಬರು ರೈಲಿನಲ್ಲಿ ಹಿಂದೆ ಬರಬೇಕಾ?

ಭಾವ: ಸರಿ, ಸೀಟು ಇರಲಿ. ಮೇಲೆ ಎತ್ತುವ ಛಾವಣಿಯನ್ನಂತೂ ಬಿಡಬಾರದು. ಅದಿದ್ದರೆ ಡಿವಿಎಲ್‌ಎ, ಅದೇ ಇಲ್ಲಿನ ಆರ್‌ಟಿಒ, ಲಾಗ್‌ಬುಕ್‌ನಲ್ಲಿ (ನಮ್ಮ ಆರ್‌ಸಿ ಇದ್ದಹಾಗೆ) 'ಮೋಟಾರ್ ಕ್ಯಾರವಾನ್' ಅಂತ ಬರೆದುಕೊಡುತ್ತಾರೆ.

ನಾನು: ಅಲ್ಲೇ ಎಡವಟ್ಟು. ಅವರ ಪಟ್ಟಿಯಲ್ಲಿರುವುದು ಖಾಯಂ ಎತ್ತರದ ಛಾವಣಿ. ಎತ್ತಿ ಇಳಿಸುವುದು ಲೆಕ್ಕಕ್ಕಿಲ್ಲ ಅಂತ ಬಿಡಿಸಿಯೇ ಬರೆದಿದ್ದಾರೆ. ಪಕ್ಕದಲ್ಲಿ ಕಿಟಕಿ, ಎರಡೂ ಬದಿಗೆ ಕ್ಯಾಂಪರ್ ತರಹದ ಚಿತ್ರ, ಹೊರಗೆ ನೆರಳಿನ ಬಟ್ಟೆ ಕಟ್ಟುವ ಆನಿಂಗ್ ಪಟ್ಟಿ ಕೇಳುತ್ತಾರೆ. ಒಳಗೆ ಅರಮನೆ ಕಟ್ಟಿಸಿದರೂ ರಸ್ತೆಯಲ್ಲಿ ಹೊರಗಿನಿಂದ ವ್ಯಾನ್ ಹಾಗೆ ಕಂಡರೆ ಅದು ವ್ಯಾನೇ.

ಭಾವ: ಹಾಗಾದರೆ ಛಾವಣಿಗೆ ಕೊಡುವ 3,500 ಪೌಂಡ್ ಯಾಕೆ? ಮುಂದಿನ ವರ್ಷ ನೋಡೋಣ.

ನಾನು: ಛಾವಣಿಯ ತಗಡು ಕೊಯ್ಯುವುದಾದರೆ ಈಗಲೇ ಕೊಯ್ಯಬೇಕು. ಒಳಗಿನ ಹೊದಿಕೆ, ದೀಪದ ವೈರು ಎಲ್ಲ ಆದಮೇಲೆ ಅಂದರೆ ಅಷ್ಟನ್ನೂ ಕಿತ್ತು ಮತ್ತೆ ಮಾಡಬೇಕು. ಒಂದೇ ಕೆಲಸಕ್ಕೆ ಎರಡು ಸಲ ಕೂಲಿ.

ಅಕ್ಕ: ಲಾಗ್‌ಬುಕ್ ಹಾಳಾಗಲಿ. ಛಾವಣಿ ಏಳದಿದ್ದರೆ ಒಳಗೆ ನೆಟ್ಟಗೆ ನಿಲ್ಲುವುದಕ್ಕೇ ಆಗುವುದಿಲ್ಲ. ಅಮ್ಮ ಬಗ್ಗಿಕೊಂಡು ಸೀರೆ ಉಡುತ್ತಾರಾ?

(ಇಲ್ಲಿ ಭಾವ ಹತ್ತು ನಿಮಿಷ ಮಾಯ. ನನ್ನ ಹೆಂಡತಿ ಪ್ರತಿ ಮೆಸೇಜಿಗೂ ಹೆಬ್ಬೆರಳು ಒತ್ತುತ್ತಿದ್ದಳು, ಎರಡೂ ಕಡೆಗೆ.)

ಭಾವ: ಇಂಡಕ್ಷನ್ ಒಲೆ ಮಾತ್ರ ನನ್ನ ಆಸೆ. ಗ್ಯಾಸ್ ಬೇಡ. ಲಿಥಿಯಂ ಬ್ಯಾಟರಿ ಹಾಕುತ್ತಿದ್ದೇವಲ್ಲ.

ನಾನು: 12 ವೋಲ್ಟ್, 100 ಆಂಪಿಯರ್-ಅವರ್ ಅಂದರೆ 1.2 ಯೂನಿಟ್ ಕರೆಂಟು. 2 ಕಿಲೋವ್ಯಾಟ್ ಒಲೆ ಅರ್ಧ ಗಂಟೆಯಲ್ಲಿ ಅಷ್ಟನ್ನೂ ಕುಡಿದುಬಿಡುತ್ತದೆ. ಅನ್ನ ಆಗುತ್ತದೆ, ಸಾರು ಆಗುವುದಿಲ್ಲ.

ಅಕ್ಕ: ಗ್ಯಾಸೇ ಹಾಕಿಸು ಕಣೋ. ನೀಲಿ ಸಿಲಿಂಡರ್ ಬೇಡ, ಅದು ಬ್ಯೂಟೇನ್. ಹೋದ ಡಿಸೆಂಬರ್‌ನಲ್ಲಿ ಟೆಂಟ್ ಹಾಕಿದ್ದಾಗ ಚಳಿಗೆ ಒಲೆ ಹತ್ತಲೇ ಇಲ್ಲ. ಕೆಂಪು ಪ್ರೊಪೇನ್ ತೆಗೆದುಕೋ.

ಭಾವ: ಒಳಗೆ ಗ್ಯಾಸ್ ಇಟ್ಟುಕೊಂಡು ಮಲಗುವುದು ನನಗೆ ಸರಿ ಕಾಣುತ್ತಿಲ್ಲ.

ನಾನು: ಸಿಲಿಂಡರಿಗೆ ಬೇರೆ ಪೆಟ್ಟಿಗೆ, ತಳದಲ್ಲಿ ಹೊರಕ್ಕೆ ತೂತು. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೂ ಕೆಳಗಿಳಿದು ಹೋಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಟೇಶನ್‌ನಲ್ಲೇ ಇದೆ.

ಅಮ್ಮ: ಯಾವ ಒಲೆಯಾದರೂ ಇರಲಿ, ಒಳಗೆ ಒಗ್ಗರಣೆ ಹಾಕಬೇಡಿ. ಹಾಸಿಗೆಯೆಲ್ಲ ಘಾಟು ಹಿಡಿಯುತ್ತದೆ.

ಅಕ್ಕ: ಅಮ್ಮ, ಇನ್ನೂ ಮಲಗಿಲ್ವಾ? ಅಲ್ಲಿ ಹನ್ನೊಂದೂವರೆ ಆಯಿತು.

ಅಮ್ಮ: ನಿಮ್ಮ ಟಣ್ ಟಣ್ ಸದ್ದಿಗೆ ನಿದ್ದೆ ಎಲ್ಲಿ ಬರಬೇಕು. ಫೋಟೊ ದೊಡ್ಡದು ಮಾಡಿ ನೋಡಿದೆ. ಪಕ್ಕದ ಬಾಗಿಲು ನನ್ನ ಮಂಡಿಗಿಂತ ಎತ್ತರ ಕಾಣುತ್ತಿದೆ. ಹತ್ತುವುದಕ್ಕೆ ಮೆಟ್ಟಿಲು ಇದೆಯಾ ಪುಟ್ಟ?

ಕೊಟೇಶನ್ ಮತ್ತೆ ಮೇಲಿನಿಂದ ಕೆಳಗೆ ಓದಿದೆ. ಹದಿನೇಳು ಸಾಲು. ಕಪ್ ಇಡುವ ಜಾಗವೂ ಇತ್ತು.

ನಾನು: ಇಲ್ಲಮ್ಮ. ನಾಳೆ ಬೆಳಿಗ್ಗೆ ಕೇಳುತ್ತೇನೆ.

ಭಾವ: ಇಂಡಕ್ಷನ್ ತೆಗೆದುಹಾಕು, ಮೆಟ್ಟಿಲು ಸೇರಿಸು. ಕೈ ಹಿಡಿದುಕೊಳ್ಳಲು ಒಂದು ಹಿಡಿಯನ್ನೂ ಹಾಕಲು ಹೇಳು. ಛಾವಣಿ ವಿಷಯಕ್ಕೆ ಅವನಿಗೆ ನಾನೇ ಫೋನ್ ಮಾಡುತ್ತೇನೆ. 3,500 ಜಾಸ್ತಿಯೇ ಆಯಿತು.