ಕುಂಬಾರರ ಊರಿನ ನಡೆದಾರಿಗೆ ಏನೆನ್ನಬೇಕು? ಓಣಿ, ಬಟ್ಟೆ, ಆವಿಗೆ: ಬಳಕೆಯ ಬಗ್ಗೆ

ಎಲ್ಲರಿಗೂ ವಿರಾಜಪೇಟೆಯಿಂದ ನಮಸ್ಕಾರ.

ಜಪಾನಿನ ಟೊಕೊನಾಮೆ ಎಂಬ ಊರಿನ ಬಗ್ಗೆ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಐಚಿ ಪ್ರಾಂತದ ಚಿತಾ ಪರ್ಯಾಯದ್ವೀಪದಲ್ಲಿರುವ ಈ ಊರು ಆ ದೇಶದ ಆರು ಪ್ರಾಚೀನ ಕುಂಬಾರಿಕೆಯ ನೆಲೆಗಳಲ್ಲಿ ಒಂದು. ಮೊದಲು ಗುಡಾಣದಂಥ ದೊಡ್ಡ ಜಾಡಿಗಳಿಗೆ, ಆಮೇಲೆ ಮಣ್ಣಿನ ಚರಂಡಿ ಕೊಳವೆಗಳಿಗೆ, ಕೆಂಪು ಮಣ್ಣಿನ ಟೀ ಹೂಜಿಗಳಿಗೆ ಹೆಸರಾಯಿತು. ಹಳೆಯ ಕೆಲಸದ ಮನೆಗಳಿರುವ ಗುಡ್ಡದ ಮೇಲೆ ಜನ ನಡೆದು ನೋಡಲೆಂದು ಎರಡು ದಾರಿ ಗುರುತಿಸಿದ್ದಾರೆ. ಚಿಕ್ಕದು ಸುಮಾರು 1.6 ಕಿಲೋಮೀಟರ್, ದೊಡ್ಡದು ಸುಮಾರು 4 ಕಿಲೋಮೀಟರ್. ಇದಕ್ಕೆ ಅವರಿಟ್ಟ ಹೆಸರು ‘ಯಾಕಿಮೊನೊ ಸಂಪೊಮಿಚಿ’. ಯಾಕಿಮೊನೊ ಎಂದರೆ ಸುಟ್ಟದ್ದು, ಅಂದರೆ ಸುಟ್ಟ ಮಣ್ಣಿನ ಪಾತ್ರೆ. ಸಂಪೊ ಎಂದರೆ ಸುಮ್ಮನೆ ಅಡ್ಡಾಡುವುದು. ಮಿಚಿ ಎಂದರೆ ದಾರಿ. ಈ ಹೆಸರನ್ನು ಕನ್ನಡಕ್ಕೆ ತರುವಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಪತ್ರಿಕೆಗಳ ರೂಢಿಯಂತೆ ಹೋದರೆ ‘ಚಾರಣ’ ಎಂದುಬಿಡಬಹುದು. ನನಗದು ಒಪ್ಪಿಗೆಯಿಲ್ಲ. ಕೊಡಗಿನಲ್ಲಿ ಚಾರಣ ಎಂದ ಕೂಡಲೆ 1,748 ಮೀಟರ್ ಎತ್ತರದ ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿ ಕಣ್ಮುಂದೆ ಬರುತ್ತವೆ. ಬೆನ್ನಿಗೆ ಚೀಲ, ಕಾಲಿಗೆ ಜಿಗಣೆ, ಅರಣ್ಯ ಇಲಾಖೆಯ ಅನುಮತಿ ಎಲ್ಲ ಆ ಪದದೊಳಗೇ ಇವೆ. ಮನೆಗಳ ನಡುವೆ, ಹಿತ್ತಿಲ ಪಕ್ಕದಲ್ಲಿ, ನಿಂತು ಮಾತಾಡುತ್ತ ಹೋಗುವ ಒಂದೂವರೆ ಕಿಲೋಮೀಟರಿಗೆ ಅದು ಭಾರವಾಗುತ್ತದೆ. ಮೈಸೂರಿನವರು ದಸರೆಯ ಹೊತ್ತಿಗೆ ‘ಪಾರಂಪರಿಕ ನಡಿಗೆ’ ಮಾಡುತ್ತಾರೆ, ಸೊಗಸಾದ ಮಾತು. ಆದರೆ ನಡಿಗೆ ಕಾಲಿನ ಕೆಲಸ, ನೆಲದ ಹೆಸರಲ್ಲ. ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಮುಗಿಯುವುದು ನಡಿಗೆ. ಯಾರೂ ನಡೆಯದ ದಿನವೂ ಅಲ್ಲೇ ಇರುವುದು ದಾರಿ. ನನಗೆ ಬೇಕಿರುವುದು ಎರಡನೆಯದು.

‘ಜಾಡು’ ಎಂದು ಗೆಳೆಯರೊಬ್ಬರು ಸೂಚಿಸಿದರು. ಇಲ್ಲಿ ಜಾಡು ಆನೆಯದು, ಹಂದಿಯದು. ಹಿಡಿದು ಹೋಗಿ ಪತ್ತೆಮಾಡುವಂಥದ್ದು. ‘ಕುಂಭಪಥ’ದಂಥವನ್ನು ದಯವಿಟ್ಟು ಯಾರೂ ಸೂಚಿಸಬೇಡಿ. ಮಣ್ಣು ತುಳಿದವರ ಬಾಯಲ್ಲಿ ಆ ಪದ ಹೊರಳುವುದಿಲ್ಲ.

ನನ್ನ ಮನಸ್ಸು ನಿಂತಿರುವುದು ‘ಓಣಿ’ಯ ಮೇಲೆ. ಧಾರವಾಡ, ಹುಬ್ಬಳ್ಳಿಯ ಕಡೆ ಓಣಿ ಎಂದರೆ ಜನ ವಾಸಿಸುವ ಬೀದಿ, ಕೇರಿ. ಕೊಡಗಿನ ಓಣಿ ಬೇರೆ. ಇದು ಐನ್‌ಮನೆಗೆ (ಕೊಡವ ಮನೆತನದ ಮೂಲಮನೆಗೆ) ಹೋಗುವ ಇಕ್ಕಟ್ಟಾದ ದಾರಿ. ಎರಡೂ ಬದಿಗೆ ಆಳೆತ್ತರದ ಕೆಮ್ಮಣ್ಣಿನ ದಂಡೆ, ದಂಡೆಯ ಮೇಲೆ ಜರಿಗಿಡ, ನಡುವೆ ಒಬ್ಬರ ಹಿಂದೊಬ್ಬರು ಹೋಗುವಷ್ಟು ಜಾಗ. ತಿರುಗಿ ತಿರುಗಿ ಹೋಗುತ್ತದೆ, ಹತ್ತಿರ ಹೋಗುವವರೆಗೂ ಮನೆ ಕಾಣಿಸುವುದಿಲ್ಲ. (ಕಾಳಗದ ಕಾಲದ ‘ಕಡಂಗ’ಗಳೂ ನೋಡಲು ಹೀಗೇ ಇದ್ದರೂ ಅವು ಕಂದಕ, ಕಾಯಲು ತೋಡಿದ್ದು. ಇವೆರಡನ್ನು ಬೆರೆಸುವುದು ಬೇಡ.)

ಟೊಕೊನಾಮೆಯಲ್ಲಿ ಎಲ್ಲರೂ ಚಿತ್ರ ತೆಗೆಯುವ ‘ದೋಕನ್‌ಜಾಕಾ’ ಎಂಬ ಏರು ಇದೆ. ದೋಕನ್ ಎಂದರೆ ಮಣ್ಣಿನ ಕೊಳವೆ. ಒಂದು ಬದಿಯ ಗೋಡೆಗೆ ಮೇಜಿ ಕಾಲದ (1868–1912) ಕೊಳವೆಗಳನ್ನು ಅಡ್ಡಡ್ಡ ಪೇರಿಸಿದ್ದಾರೆ, ಇನ್ನೊಂದು ಬದಿಗೆ 1926ರಲ್ಲಿ ಶುರುವಾದ ಶೋವಾ ಕಾಲದ ಮೊದಲ ವರ್ಷಗಳ ಮದ್ಯದ ಜಾಡಿಗಳು. ಮಣ್ಣು ಜರಿಯದಂತೆ ತಡೆಯುವುದೂ ಅವೇ. ಕಾಲಿನಡಿಯಲ್ಲಿ, ಜಾರದಿರಲೆಂದು, ಕೊಳವೆ ಸುಡುವಾಗ ಅಡಿಗಿಟ್ಟು ಬಿಸಾಡಿದ ಮಣ್ಣಿನ ತುಂಡುಗಳನ್ನು ಹುಗಿದಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ಬೋಕಿ ಹಾಸಿದ ಓಣಿ. ಇದಕ್ಕೆ ‘ಕೊಳವೆ ಓಣಿ’ ಎಂದು ಬರೆದಿದ್ದೇನೆ. ಕೊಡಗಿನ ಓದುಗರಿಗೆ ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಉತ್ತರ ಕರ್ನಾಟಕದ ಸದಸ್ಯರು ಹೇಳಬೇಕು: ನಿಮ್ಮ ಕಿವಿಗೆ ಇದು ಕೊಳವೆ ಮಾಡುವವರ ಕೇರಿ ಎಂದು ಕೇಳಿಸುತ್ತದೆಯೇ? ಹಾಗೆ ಕೇಳಿಸಿದರೂ ಅರ್ಥ ಕೆಡುವುದಿಲ್ಲ ಎಂದೇ ನನಗನ್ನಿಸುತ್ತದೆ.

ಇಡೀ ದಾರಿಗೆ ಮಾತ್ರ ಓಣಿ ಸಾಲದು. ಅಲ್ಲಿ ಏರು, ತಿರುವು, ತೆರೆದ ಜಾಗ ಎಲ್ಲ ಇವೆ. ಇಲ್ಲಿ ನನ್ನನ್ನು ಸೆಳೆಯುವುದು ‘ಬಟ್ಟೆ’. ಹಳಗನ್ನಡ ಕಾವ್ಯ ಓದಿದವರಿಗೆ ಬಟ್ಟೆ ಎಂದರೆ ದಾರಿ. ಹೊಸಗನ್ನಡದಲ್ಲಿ ಆ ಅರ್ಥ ಮಾಸಿ ಅರಿವೆಯೊಂದೇ ಉಳಿಯಿತು. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಅದು ದಿನಬಳಕೆಯ ಮಾತಾಗಿ ಈಗಲೂ ಉಳಿದಿದೆ. ದಾರಿಗೆ ಬಟ್ಟೆ ಎಂದೇ ಹೇಳುತ್ತಾರೆ. ಗ್ರಂಥದಲ್ಲಿ ಹುಡುಕಬೇಕಾದ ಪದ ನೆರೆಮನೆಯವರ ಬಾಯಲ್ಲಿ ಕೇಳುವುದೆಂದರೆ ನನಗೆ ಬಹಳ ಸಂತೋಷ. ಆದರೆ ‘ಮಡಕೆಬಟ್ಟೆ’ ಎಂದರೆ ಓದುಗರು ಮಸಿಬಟ್ಟೆಯ ಸಾಲಿಗೆ ಸೇರಿಸುತ್ತಾರೆ. ‘ಕುಂಬಾರಬಟ್ಟೆ’ಯೂ ಅಷ್ಟೆ. ‘ನಡೆಬಟ್ಟೆ’ ಎಂದರೆ ಹೇಗೆ? ‘ನಡೆ’ ಮುಂದಿರುವುದರಿಂದ ಅರಿವೆಯ ಅರ್ಥ ಹಿಂದೆ ಸರಿಯುತ್ತದೆ ಎಂದು ನನ್ನ ಎಣಿಕೆ. ನಾಪೋಕ್ಲು, ಗೋಣಿಕೊಪ್ಪ, ಪೊನ್ನಂಪೇಟೆಯ ಕಡೆಯವರನ್ನು ಇನ್ನೊಂದು ಕೇಳಬೇಕು. ಮನೆಯಲ್ಲಿ ಕೊಡವ ತಕ್ಕ್ ಆಡುವವರು ಕನ್ನಡ ಮಾತಾಡುವಾಗಲೂ ಬಟ್ಟೆ ಎಂಬುದನ್ನು ದಾರಿಯ ಅರ್ಥದಲ್ಲಿ ಬಳಸುವುದುಂಟೇ, ಅಥವಾ ಭಾಷೆಯ ಜೊತೆಗೆ ಪದವೂ ಬದಲಾಗುತ್ತದೆಯೇ?

ಇನ್ನು ಸುಡುವ ಜಾಗ. ಟೊಕೊನಾಮೆಯ ದಾರಿಯಲ್ಲಿ 1887ರಲ್ಲಿ ಕಟ್ಟಿ 1974ರವರೆಗೆ ಬಳಸಿದ ‘ನೊಬೊರಿಗಾಮಾ’ ಒಂದಿದೆ. ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ ಎಂಟು ಕೋಣೆ, ತುದಿಯಲ್ಲಿ ಹತ್ತು ಹೊಗೆಗೊಳವೆ. ಬೆಂಕಿ ಕೆಳಗಿನಿಂದ ಕೋಣೆಯಿಂದ ಕೋಣೆಗೆ ಏರುತ್ತ ಹೋಗುತ್ತದೆ, ಹೆಸರಿನಲ್ಲಿರುವುದೂ ಆ ಏರುವಿಕೆಯೇ. ಇದಕ್ಕೆ ‘ಕುಲುಮೆ’ ಸಲ್ಲದು, ಅದು ಕಮ್ಮಾರನದು. ‘ಭಟ್ಟಿ’ ಎಂದರೆ ಕಳ್ಳಭಟ್ಟಿ ನೆನಪಾಗುತ್ತದೆ. ಕುಂಬಾರರ ಸ್ವಂತ ಪದ ‘ಆವಿಗೆ’. ಕುಂಬಾರನ ಚಕ್ರವಾದ ತಿಗರಿಯಷ್ಟೇ ಹಳೆಯದು, ಅಷ್ಟೇ ಚೆಂದದ್ದು. ಅಡ್ಡಿಯೊಂದೇ: ನಮ್ಮ ಕಡೆ ಆವಿಗೆ ಎಂದರೆ ಮಡಕೆ ಒಟ್ಟಿ, ಸೌದೆ ಹುಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸುಡುವ ರಾಶಿ. ಗೋಡೆ, ಚಾವಣಿ ಇರುವ ಕಟ್ಟಡಕ್ಕೆ ‘ಗೂಡು’ ಎನ್ನುವುದು ವಾಡಿಕೆ, ಇಟ್ಟಿಗೆ ಗೂಡು ಎನ್ನುವ ಹಾಗೆ. ಹಾಗಾಗಿ ಈಗಿನ ಕರಡಿನಲ್ಲಿ ‘ಏರುಗೂಡು’ ಎಂದಿದೆ. ಆದರೂ ಆವಿಗೆಯನ್ನು ಬಿಡಲು ಮನಸ್ಸಿಲ್ಲ. ನಾವೇ ಬರೆಯದಿದ್ದರೆ ಮುಂದೆ ಅದನ್ನು ಬರೆಯುವವರು ಯಾರು?

ಕೊಡಗಿನಲ್ಲಿ ಕುಂಬಾರಿಕೆ ಮಾಡುತ್ತಿದ್ದ, ಕೊಡವ ತಕ್ಕ್ ಆಡುವ ಸಮುದಾಯಕ್ಕೆ ‘ಕೊಯವ’ ಎಂಬ ಹೆಸರಿದೆ. ತಮಿಳಿನ ಕುಯವನ್, ಮಲಯಾಳದ ಕುಶವನ್ ಇದರ ನೆಂಟರು. ಕನ್ನಡದ ಕುಂಬಾರ ಸಂಸ್ಕೃತದ ಕುಂಭಕಾರನಿಂದ ಬಂದವನು. ತುಳುವಿನಲ್ಲಿ ಓಡಾರಿ ಎಂಬ ಬೇರೆಯೇ ಪದ. ಕೊಡವ ತಕ್ಕ್, ಕನ್ನಡ, ತುಳು ಮೂರೂ ಒಂದೇ ಸಂತೆಯಲ್ಲಿ ಕೇಳುವ ಜಿಲ್ಲೆಯಿದು. ಅಡುಗೆಗೆ ಹುಳಿಯಾಗಿ ಬಳಸುವ ಕಾಚಂಪುಳಿ ಹಣ್ಣಿನ ರಸ ಕುದಿಸಲು ಮಣ್ಣಿನ ಮಡಕೆಯೇ ಆಗಬೇಕೆನ್ನುವ ಹಿರಿಯರು ಇನ್ನೂ ಇದ್ದಾರೆ. ಅಂಥ ಮನೆಗಳಲ್ಲಿ ಮಡಕೆಯ ಬಾಯಿ, ಕಂಠ, ಅಡಿಗೆ, ಬಿರುಕಿಗೆ, ಚೂರಿಗೆ ಬೇರೆ ಬೇರೆ ಹೆಸರು ಉಳಿದಿದ್ದರೆ, ಯಾವ ಭಾಷೆಯದಾದರೂ ಸರಿ, ದಯವಿಟ್ಟು ಬರೆದು ಕಳಿಸಿ. ಎಲ್ಲಿ, ಯಾರ ಮನೆಮಾತಿನಲ್ಲಿ ಕೇಳಿದಿರಿ ಎಂಬುದನ್ನೂ ಜೊತೆಗೆ ತಿಳಿಸಿ.

ಬರಹ ಅಚ್ಚಿಗೆ ಹೋಗುವ ಮುನ್ನ ತೀರ್ಮಾನವಾಗಬೇಕಾದದ್ದು ‘ನಡೆಬಟ್ಟೆ’ ಮತ್ತು ‘ಏರುಗೂಡು’. ಆ ಎರಡಕ್ಕೆ ಮೊದಲು ಉತ್ತರಿಸಿದರೆ ಉಪಕಾರವಾಗುತ್ತದೆ.